ಕಾಣಿಕೆ, ದಶಮಾಂಶ, ದಾನಪತ್ರ: ವಕೀಲ ಮೇಡಂಗೆ ನಮ್ಮ ಗುಂಪಿನ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದೇವರಿಗೆ ಎಷ್ಟು ಕೊಡಬೇಕು, ಬಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು ಉಳಿಸಬೇಕು ಎಂದು ಗುಂಪಿನಲ್ಲಿ ದಿನಾ ಕೇಳುತ್ತಿದ್ದೀರಿ. ಕಾರವಾರದಲ್ಲಿ ಆಸ್ತಿ, ಉಯಿಲಿನ ಕೇಸು ನೋಡುವ ನಮ್ಮ ವಕೀಲ ಮೇಡಂ ಇವತ್ತು ಉತ್ತರ ಕೊಡಲು ಒಪ್ಪಿದ್ದಾರೆ. ತಮ್ಮ ಚರ್ಚಿನ ಹಣಕಾಸು ಸಮಿತಿಯಲ್ಲೂ ಅವರು ಇದ್ದಾರೆ. ಹಣದ ವಿಷಯ, ಹಾಗಾಗಿ ಹೆಸರು ಬೇಡ. ಊರು ಹಾಕಿ ಕೇಳಿ. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಪೆಂತೆಕೋಸ್ತ್ ಸಭೆಯವರು ಎಲ್ಲರೂ ಇಲ್ಲಿದ್ದೀರಿ. ಮರ್ಯಾದೆ ಇರಲಿ.

ಕುಮಟಾ: ಮೇಡಂ, ನಾನು ಶಾಲಾ ಶಿಕ್ಷಕಿ. ದಶಮಾಂಶ (ಆದಾಯದ ಹತ್ತರಲ್ಲಿ ಒಂದು ಪಾಲು) ಕೊಡುವಾಗ ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಬೇಕಾ, ಕೈಗೆ ಬಂದದ್ದರ ಮೇಲಾ?

ವಕೀಲ ಮೇಡಂ: ಹಳೆ ಒಡಂಬಡಿಕೆಯ ದಶಮಾಂಶ ಬೆಳೆ ಮತ್ತು ದನಕರುಗಳ ಮೇಲಿತ್ತು. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಇಟ್ಟು ಲೇವಿಯರು (ದೇವರ ಸೇವೆಯ ಕುಲದವರು), ಪರದೇಶಿಗಳು, ಅನಾಥರು, ವಿಧವೆಯರು ಉಣ್ಣಲಿ ಎಂದು ಧರ್ಮೋಪದೇಶಕಾಂಡ 14ನೇ ಅಧ್ಯಾಯ ಹೇಳುತ್ತದೆ. ಹೊಸ ಒಡಂಬಡಿಕೆಯಲ್ಲಿ ಪೌಲ ಇಷ್ಟು ಪಾಲು ಎಂದು ಎಲ್ಲೂ ಕಟ್ಟಿಲ್ಲ. ವಾರದ ಮೊದಲ ದಿನ ಅವರವರ ಆದಾಯಕ್ಕೆ ತಕ್ಕಂತೆ ತೆಗೆದಿಡಿ ಎಂದಿದ್ದಾನೆ (1 ಕೊರಿಂಥ 16:2). ಕ್ಯಾಥೊಲಿಕ್ ಧರ್ಮೋಪದೇಶವೂ ಯಥಾಶಕ್ತಿ ಎನ್ನುತ್ತದೆ, ಹತ್ತು ಎನ್ನುವುದಿಲ್ಲ. ನಿಮ್ಮ ಸಭೆಯಲ್ಲಿ ಹತ್ತರ ಪದ್ಧತಿ ಇದ್ದರೆ, ನಿಮಗೆ ಒಪ್ಪಿಗೆಯಾದರೆ ಕೊಡಿ. ಪೂರ್ತಿ ಸಂಬಳವೋ ಕೈಗೆ ಬಂದದ್ದೋ ನೀವೇ ನಿರ್ಧರಿಸಿ. ತಿಂಗಳ ಕೊನೆಗೆ ಉಳಿದರೆ ಕೊಡೋಣ ಅಂದುಕೊಂಡರೆ ಉಳಿಯುವುದಿಲ್ಲ, ಮೊದಲೇ ತೆಗೆದಿಡಿ. ಇನ್ನೊಂದು ಮಾತು. ಕೊಡುವುದಕ್ಕಾಗಿ ಒಡವೆ ಅಡ ಇಡಬೇಡಿ.

ಅಂಕೋಲಾ: ಮೇಡಂ, ನಮ್ಮದು ಪರ್ಸೀನ್ ಬೋಟ್, ದೊಡ್ಡ ಬಲೆ ಹಾಕಿ ಮೀನು ಹಿಡಿಯುವುದು. ಈ ಸಲ ಮೀನು ಕಡಿಮೆ ಬಿತ್ತು. ಹಬ್ಬಕ್ಕೆ ಒಂದು ಲಕ್ಷ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದೇನೆ. ಆದರೆ ಖಲಾಸಿಗಳ (ಬೋಟಿನ ಕೆಲಸಗಾರರ) ಪಾಲು ಇನ್ನೂ ಬಾಕಿ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಕಡಲಿಗಿಳಿಯುವ ಹಾಗಿಲ್ಲ. ಮೊದಲು ಯಾವುದು?

ವಕೀಲ ಮೇಡಂ: ಖಲಾಸಿಗಳದ್ದು. ಆ ಹಣ ನಿಮ್ಮದಲ್ಲ, ನಿಮ್ಮ ಪೆಟ್ಟಿಗೆಯಲ್ಲಿದೆ ಅಷ್ಟೇ. ಕೂಲಿಯವನ ಕೂಲಿ ಹೊತ್ತು ಮುಳುಗುವ ಮೊದಲು ಕೊಡು, ಅವನು ಅದನ್ನೇ ನಂಬಿಕೊಂಡಿದ್ದಾನೆ ಎಂದು ಮೋಶೆಯ ಧರ್ಮಶಾಸ್ತ್ರದಲ್ಲಿದೆ. ತಡೆಹಿಡಿದ ಕೂಲಿ ದೇವರ ಮುಂದೆ ಕೂಗುತ್ತದೆ ಎಂದು ಯಾಕೋಬನ ಪತ್ರದ 5ನೇ ಅಧ್ಯಾಯ ಹೇಳುತ್ತದೆ. ನಿಷೇಧದ ಎರಡು ತಿಂಗಳು ಆ ಮನೆಗಳಲ್ಲಿ ಅಕ್ಕಿಗೂ ಕಷ್ಟ, ನಿಮಗೇ ಗೊತ್ತು. ಹರಕೆಯ ಭಯ ಬೇಡ. ನೀವು ಕ್ಯಾಥೊಲಿಕರಾದರೆ ಖಾಸಗಿ ಹರಕೆಯನ್ನು ನ್ಯಾಯವಾದ ಕಾರಣಕ್ಕೆ ಸಡಿಲಿಸುವ ಅಧಿಕಾರ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಉಂಟು. ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ.

ಅಂಕೋಲಾ: ಪಟ್ಟಿಯಲ್ಲಿ ಹೆಸರು ಓದುತ್ತಾರಲ್ಲ ಮೇಡಂ, ಊರೆಲ್ಲ ಕೇಳುತ್ತದೆ.

ವಕೀಲ ಮೇಡಂ: ಓದಲಿ. ಖಲಾಸಿಗಳ ಹೆಂಡತಿಯರೂ ಅಲ್ಲೇ ಕೂತು ಕೇಳುತ್ತಾರೆ.

ಶಿರಸಿ: ಪ್ರೈಸ್ ದ ಲಾರ್ಡ್. ಇದು ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ: “ನಿಮ್ಮ ಒಂದು ತಿಂಗಳ ಆದಾಯವನ್ನು ಬೀಜವಾಗಿ ಕೆಳಗಿನ ನಂಬರಿಗೆ ಕಳಿಸಿ. 21 ದಿನ ಮಲಾಕಿಯ 3:10 ಓದಿ. 11 ಜನಕ್ಕೆ ಕಳಿಸಿ. ಸಾಲ ನೂರಕ್ಕೆ ನೂರು ತೀರುತ್ತದೆ. ಅಳಿಸಿದರೆ ಆಶೀರ್ವಾದ ತಪ್ಪುತ್ತದೆ.” ನಮ್ಮ ಅತ್ತೆಗೆ ಫಲ ಸಿಕ್ಕಿದೆ.

ವಕೀಲ ಮೇಡಂ: ದಯವಿಟ್ಟು ಯಾರೂ ಆ ನಂಬರಿಗೆ ಹಣ ಹಾಕಬೇಡಿ. ಈಗಾಗಲೇ ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ ಹೇಳಿ. ಮಲಾಕಿಯ 3:10 ಓದಿಸುವವರು ಅದೇ ಅಧ್ಯಾಯದ 5ನೇ ವಚನ ಯಾಕೆ ಬಿಡುತ್ತಾರೆ? ಕೂಲಿಯವರನ್ನು, ವಿಧವೆಯರನ್ನು, ಅನಾಥರನ್ನು ಬಾಧಿಸುವವರ ಮೇಲೆ ದೇವರು ಸಾಕ್ಷಿಯಾಗಿ ಬರುತ್ತಾನೆ ಎಂದು ಅಲ್ಲಿದೆ. ದೇವರ ವರವನ್ನು ಹಣ ಕೊಟ್ಟು ಕೊಳ್ಳಲು ಬಂದ ಸೀಮೋನನಿಗೆ ಪೇತ್ರ ಏನು ಹೇಳಿದ ಎಂದು ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ ತೆಗೆದು ನೋಡಿ.

ಭಟ್ಕಳ: ಮೇಡಂ, ಚರ್ಚಿನ ಛಾವಣಿಗೆ ದುಬೈಯಲ್ಲಿರುವ ನನ್ನ ತಮ್ಮ ಹಣ ಕಳಿಸಬಹುದಾ? ಕೆನಡಾದಲ್ಲಿರುವ ಚಿಕ್ಕಪ್ಪನೂ ಕೊಡುತ್ತೇನೆ ಅಂತಾರೆ. ಅವರು ಅಲ್ಲಿಯ ಪೌರರು.

ವಕೀಲ ಮೇಡಂ: ತಮ್ಮನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದರೆ, ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಚಿಕ್ಕಪ್ಪನದ್ದು ವಿದೇಶಿ ದೇಣಿಗೆ ಆಗುತ್ತದೆ. ಚರ್ಚಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿಮ್ಮ ಖಾತೆಗೆ ತರಿಸಿಕೊಂಡು ಚರ್ಚಿಗೆ ಕೊಡುವ ದಾರಿ ಹಿಡಿಯಬೇಡಿ.

ಹೊನ್ನಾವರ: ಮೇಡಂ, ನಮ್ಮಪ್ಪ 2009ರಲ್ಲಿ ತೀರಿಕೊಂಡರು. ಉಯಿಲು ಇಲ್ಲ. ಮನೆ, ತೆಂಗಿನ ತೋಟ ಎರಡೂ ಅಪ್ಪನೇ ದುಡಿದು ಕೊಂಡದ್ದು. ಆಮೇಲೆ ಪಹಣಿ ಅಮ್ಮನ ಹೆಸರಿಗಾಯಿತು. ಮಕ್ಕಳು ನಾನು ಮತ್ತು ಅಣ್ಣ. ಅಣ್ಣನಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಅಮ್ಮನ ಜೊತೆ ಅದೇ ಮನೆಯಲ್ಲಿದ್ದಾನೆ. ಅಮ್ಮನಿಗೆ 78. ಎರಡು ವರ್ಷದಿಂದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ. ಈಗ ಎಲ್ಲವನ್ನೂ ಅವರಿಗೆ ದಾನಪತ್ರ ಮಾಡುತ್ತೇನೆ ಅಂತಾರೆ. “ವಿಧವೆ ಎರಡು ಕಾಸು ಹಾಕಿದಳು, ಇದ್ದದ್ದೆಲ್ಲ ಹಾಕಿದಳು” ಅನ್ನುತ್ತಾರೆ. ನಾನು ಬೇಡ ಅಂದರೆ ದೇವರ ಕೆಲಸಕ್ಕೆ ಅಡ್ಡ ಬಂದ ಹಾಗಾ? ಕರಡಿನ ಫೋಟೋ ಹಾಕಿದ್ದೇನೆ.

ವಕೀಲ ಮೇಡಂ: ಫೋಟೋ ದೊಡ್ಡದು ಮಾಡಿ ನೋಡಿದೆ. ದಾನ ಪಡೆಯುವವರ ಜಾಗದಲ್ಲಿ ಸಂಸ್ಥೆಯ ಹೆಸರಿಲ್ಲ. ಪಾಸ್ಟರ್ ಹೆಸರು, ಅವರ ತಂದೆಯ ಹೆಸರು, ಅವರ ಮನೆ ವಿಳಾಸ ಇದೆ. ಅಂದರೆ ಇದು ನೋಂದಣಿಯಾದರೆ ತೋಟ ಸಭೆಗೆ ಹೋಗುವುದಿಲ್ಲ, ಒಬ್ಬ ವ್ಯಕ್ತಿಗೆ ಹೋಗುತ್ತದೆ. ನಾಳೆ ಅವರು ಮಾರಬಹುದು, ಅವರ ಮಕ್ಕಳಿಗೆ ಬಿಡಬಹುದು. ನಿಮ್ಮ ಅಮ್ಮನಿಗೆ ಇದು ಗೊತ್ತಾ? ಆ ಸಾಲನ್ನು ಜೋರಾಗಿ ಓದಿ ಹೇಳಿ. ಫೋಟೋ ಈಗಲೇ ಅಳಿಸಿ, ಅದರಲ್ಲಿ ಹೆಸರುಗಳಿವೆ.

ಈಗ ಕಾನೂನು. ಅಪ್ಪ ಉಯಿಲು ಬರೆಯದೆ ಹೋದದ್ದರಿಂದ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಹೆಂಡತಿಗೆ ಮೂರನೇ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ, ಗಂಡು ಹೆಣ್ಣು ಭೇದವಿಲ್ಲ. ನಿಮ್ಮ ಮನೆಯಲ್ಲಿ ಅಮ್ಮ, ಅಣ್ಣ, ನೀವು ಮೂವರಿಗೂ ಒಂದೊಂದು ಪಾಲು. ಪಹಣಿಯಲ್ಲಿ ಅಮ್ಮನ ಹೆಸರೊಂದೇ ಇರುವುದರಿಂದ ಅವರು ಪೂರ್ತಿ ಮಾಲೀಕರಾಗುವುದಿಲ್ಲ. ಪಹಣಿ ಕಂದಾಯದ ದಾಖಲೆ. ನೀವಿಬ್ಬರೂ ಹಕ್ಕು ಬಿಟ್ಟು ನೋಂದಾಯಿತ ಪತ್ರಕ್ಕೆ ಸಹಿ ಹಾಕದಿದ್ದರೆ ನಿಮ್ಮ ಪಾಲು ಹಾಗೇ ಇದೆ. ಅಮ್ಮ ದಾನ ಮಾಡಬಹುದಾದ್ದು ತಮ್ಮ ಮೂರನೇ ಒಂದನ್ನು ಮಾತ್ರ. ಅಣ್ಣ ಮಲಗಿರುವ ಮನೆಯನ್ನು ಪೂರ್ತಿ ಬರೆದುಕೊಡಲು ಅವರಿಗೆ ಬರುವುದಿಲ್ಲ.

ಆದರೆ ಸುಮ್ನೆ ಕೂರಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಲೀಕತ್ವದ ವಿಚಾರಣೆ ನಡೆಯುವುದಿಲ್ಲ, ಪಹಣಿ ನೋಡಿ ನೋಂದಣಿ ಮಾಡಿಬಿಡಬಹುದು. ಆಮೇಲೆ ಕೋರ್ಟಿಗೆ ನೀವೇ ಅಲೆಯಬೇಕು. ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾಯಿತು ಎಂದು ವಾಪಸ್ ಪಡೆಯಲು ಆಗುವುದಿಲ್ಲ. ಉಯಿಲಾದರೆ ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಧಾರ್ಮಿಕ ಗುರುವಿನ ಸ್ಥಾನದಲ್ಲಿರುವವರು ತಮ್ಮನ್ನು ನಂಬಿದ ವೃದ್ಧರಿಂದ ಆಸ್ತಿ ಬರೆಸಿಕೊಂಡರೆ, ಒತ್ತಡ ಹಾಕಿದ್ದಾರಾ ಎಂದು ಕೋರ್ಟ್ ಕಟ್ಟುನಿಟ್ಟಾಗಿ ನೋಡುತ್ತದೆ. 1872ರ ಕರಾರು ಕಾಯ್ದೆಯಲ್ಲೇ ಅದಕ್ಕೆ ಆಧಾರವಿದೆ.

ಇನ್ನು ನೀವು ನಿಜವಾಗಿ ಕೇಳಿದ್ದು. ಅಡ್ಡ ಬಂದ ಹಾಗೆ ಆಗುವುದಿಲ್ಲ. ಮಾರ್ಕನ 7ನೇ ಅಧ್ಯಾಯದಲ್ಲಿ ತಂದೆ ತಾಯಿಗೆ ಸಲ್ಲಬೇಕಾದ್ದನ್ನು “ಕೊರ್ಬಾನ್, ದೇವರಿಗೆ ಅರ್ಪಿಸಿದ್ದೇನೆ” ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸು ಗದರುತ್ತಾರೆ. ಅಲ್ಲಿ ಮಕ್ಕಳು ಹೆತ್ತವರಿಗೆ ಕೊಡಬೇಕಾದ್ದು. ನಿಮ್ಮಲ್ಲಿ ತಾಯಿ ಏಳಲಾರದ ಮಗನಿಗೆ ಕೊಡಬೇಕಾದ್ದು. ನ್ಯಾಯ ಒಂದೇ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ವಿಧವೆಯ ಎರಡು ಕಾಸಿನ ಕಥೆಗೆ ಒಂದೇ ವಚನ ಮೊದಲು ಏನಿದೆ ಗೊತ್ತಾ? ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವವರ ಮಾತು (ಮಾರ್ಕ 12:40). ಅಮ್ಮನ ಎದುರು ಕೂತು ಎರಡನ್ನೂ ಒಟ್ಟಿಗೆ ಓದಿ. ಗಲಾಟೆ ಮಾಡಬೇಡಿ. ಅವರ ಕೊಡುವ ಮನಸ್ಸು ದೊಡ್ಡದು, ಅದನ್ನು ಮುರಿಯಬೇಡಿ. ತೆಂಗಿನಕಾಯಿ ಮಾರಿದ ಹಣದಲ್ಲಿ ಒಂದು ಭಾಗ ಪ್ರತಿ ಸಲ ಕೊಡಲಿ. ತಮ್ಮ ಪಾಲಿಗೆ ಉಯಿಲು ಬರೆಯಲಿ. ಅಣ್ಣ ಬದುಕಿರುವಷ್ಟು ಕಾಲ ಆ ಪಾಲಿನ ಅನುಭೋಗ ಅವನಿಗೆ, ಆಮೇಲೆ ಅವರಿಗೆ ಇಷ್ಟವಾದ ನೋಂದಾಯಿತ ಸಂಸ್ಥೆಗೆ. ಸಾಕ್ಷಿಗೆ ಇಬ್ಬರು ಬೇಕು. ಉಯಿಲಿನಿಂದ ಏನಾದರೂ ಸಿಗುವವರನ್ನಾಗಲಿ ಅವರ ಗಂಡ ಹೆಂಡತಿಯನ್ನಾಗಲಿ ಸಾಕ್ಷಿ ಹಾಕಬೇಡಿ, ಅವರಿಗೆ ಬರೆದದ್ದು ಬಿದ್ದುಹೋಗುತ್ತದೆ.

ಕಾರವಾರ: ಮಜಾಳಿ ಗಡಿ ಆಚೆ ಇರುವ ನಮ್ಮ ಅತ್ತೆ ಹೇಳ್ತಾರೆ, ಮಕ್ಕಳಿಗೆ ಅರ್ಧ ಬಿಡಲೇಬೇಕಂತೆ.

ವಕೀಲ ಮೇಡಂ: ಅದು ಗೋವಾದ ಕಾಯ್ದೆ. ಇಲ್ಲಿ ಸ್ವಂತ ಆಸ್ತಿಯನ್ನು ಯಾರಿಗೆ ಬೇಕಾದರೂ ಪೂರ್ತಿ ಉಯಿಲು ಬರೆಯಬಹುದು.

ದಾಂಡೇಲಿ: ಚರ್ಚಿಗೆ ಉಯಿಲು ಬರೆದು 12 ತಿಂಗಳೊಳಗೆ ಸತ್ತರೆ ಅದು ನಡೆಯುವುದಿಲ್ಲ. ಕಾಯ್ದೆ ಓದಿ ಮಾತಾಡಬೇಕು.

ವಕೀಲ ಮೇಡಂ: ನೀವು ಹೇಳುವುದು ಅದೇ 1925ರ ಕಾಯ್ದೆಯ 118ನೇ ಕಲಂ. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಫಾದರ್ ಜಾನ್ ವಲ್ಲಮಟ್ಟಂ ಹಾಕಿದ ಅರ್ಜಿ ಅದು.

ಶಿರಸಿ: ಪಾಸ್ಟರ್‌ಗಳನ್ನೆಲ್ಲ ಕಳ್ಳರ ಹಾಗೆ ತೋರಿಸುತ್ತಿದ್ದೀರಿ. ನಮ್ಮ ಸಭೆಯಲ್ಲಿ ಹತ್ತರಲ್ಲಿ ಒಂದು ಎಲ್ಲರೂ ಕೊಡುತ್ತಾರೆ. ಅದರಿಂದಲೇ ಮಕ್ಕಳ ಫೀಸು ಕಟ್ಟುತ್ತೇವೆ. ನಿಮ್ಮ ಹಬ್ಬಗಳಲ್ಲಿ ಬ್ಯಾಂಡು, ಗರ್ನಾಲಿಗೆ ಎಷ್ಟು ಸುಡುತ್ತೀರಿ?

ಕುಮಟಾ 2: ಬ್ರದರ್, ಹಬ್ಬದ ದಿನ ಊರವರಿಗೆಲ್ಲ ಊಟ ಹಾಕುತ್ತೇವೆ. ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಜನ್ಮದಿನ) ಹೊಸ ಭತ್ತದ ತೆನೆ ಮನೆಮನೆಗೆ ಹಂಚುತ್ತೇವೆ. ಅದೂ ದಾನವೇ.

ಶಿರಸಿ: ಭತ್ತದ ತೆನೆಯಿಂದ ಯಾರ ಸಾಲವೂ ತೀರುವುದಿಲ್ಲ.

ಕುಮಟಾ 2: ನಿಮ್ಮ 11 ಜನರ ಮೆಸೇಜಿನಿಂದ ತೀರುತ್ತದಾ?

ಹಳಿಯಾಳ: ಗರ್ನಾಲಿನ ವಿಷಯದಲ್ಲಿ ಶಿರಸಿಯವರು ಹೇಳಿದ್ದು ಸರಿ. ನಮ್ಮ ವಾಳೆಯಲ್ಲಿ (ಚರ್ಚಿನ ವಾರ್ಡಿನಲ್ಲಿ) ಮೂರು ಮನೆಗೆ ಶೌಚಾಲಯ ಇಲ್ಲ, ಆದರೂ ಪ್ರತಿ ವರ್ಷ ಪಟಾಕಿಗೆ ಚಂದಾ ಎತ್ತುತ್ತಾರೆ. ಕೇಳಿದರೆ ಧರ್ಮದ್ರೋಹಿ ಅನ್ನುತ್ತಾರೆ.

ದಾಂಡೇಲಿ: ಚಂದಾ ಕೊಡದವರೇ ಜಾಸ್ತಿ ಲೆಕ್ಕ ಕೇಳುವುದು.

ಹಳಿಯಾಳ: ನಾನು ಕೊಟ್ಟ ರಸೀದಿ ಹಾಕಲಾ ಇಲ್ಲಿ?

ಅಡ್ಮಿನ್: ಸಾಕು. ಪ್ರಶ್ನೆ ಇದ್ದರೆ ಕೇಳಿ.

ವಕೀಲ ಮೇಡಂ: ಹಳಿಯಾಳದವರು ಕೇಳಿದ್ದು ಸರಿಯಾಗಿದೆ, ಲೆಕ್ಕ ಕೇಳುವುದು ಹಕ್ಕು. ಕ್ಯಾಥೊಲಿಕ್ ಕಾನೂನಿನಲ್ಲಿ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. ಒಂದು ಉದ್ದೇಶಕ್ಕೆಂದು ಕೊಟ್ಟ ಹಣ ಆ ಉದ್ದೇಶಕ್ಕೇ ಹೋಗಬೇಕು (ನಿಯಮ 1267). ಮುಂದಿನ ಸಲ ರಸೀದಿಯಲ್ಲಿ “ಶೌಚಾಲಯಕ್ಕೆ” ಎಂದು ಬರೆಸಿ ಕೊಡಿ.

ಮುಂಡಗೋಡ: ಮೇಡಂ, ದಶಮಾಂಶ ಪೂರ್ತಿ ಸಂಬಳದ ಮೇಲಾ, ಕೈಗೆ ಬಂದದ್ದರ ಮೇಲಾ?

ವಕೀಲ ಮೇಡಂ: ಮೇಲೆ ಇದೆ.

ಕುಮಟಾ 2: ಚರ್ಚಿಗೆ ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿ ಉಂಟಾ?

ವಕೀಲ ಮೇಡಂ: ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಇಲ್ಲ. ಹಳೆಯದರಲ್ಲಿ, ದಾನಕ್ಕೆ ತೆರಿಗೆ ವಿನಾಯಿತಿಯ ಮಾನ್ಯತೆ (80ಜಿ) ಇರುವ ಸಂಸ್ಥೆಗೆ ಮಾತ್ರ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಅದಕ್ಕೂ ಇಲ್ಲ. ಭಾನುವಾರದ ಕಾಣಿಕೆ ಡಬ್ಬಿಗೆ ಹಾಕಿದ್ದಕ್ಕೆ ಕೇಳಬೇಡಿ.

ಅಂಕೋಲಾ 2: ಹೆದ್ದಾರಿ 66ಕ್ಕೆ ಜಾಗ ಹೋಗಿ ಪರಿಹಾರ ಬಂದಿದೆ. ಅದಕ್ಕೂ ದಶಮಾಂಶ ಕೊಡಬೇಕಾ?

ದಾಂಡೇಲಿ: ನಮ್ಮ ಅಜ್ಜಿ ಮಾತೆಯ ಪ್ರತಿಮೆಗೆ ಚಿನ್ನದ ಸರ ಹಾಕಿದ್ದರು. ಈಗ ಕಾಣುತ್ತಿಲ್ಲ. ಯಾರನ್ನು ಕೇಳುವುದು?

ಶಿರಸಿ: ಮತ್ತೆ ಪ್ರತಿಮೆಗೆ ಚಿನ್ನ. ಇದಕ್ಕೇನೂ ಹೇಳುವುದಿಲ್ಲವಾ ಮೇಡಂ? ಬೀಜದ ಕಾಣಿಕೆಗೆ ಮಾತ್ರ ಸಿಟ್ಟಾ?

ಕುಮಟಾ 2: ಪ್ರತಿಮೆಯ ಸುದ್ದಿಗೆ ಬರಬೇಡಿ ಹೇಳ್ತಾ ಇದ್ದೇನೆ.

ಶಿರಸಿ: ಇನ್ನೊಂದು ಬಂದಿದೆ, ಓದಿ: “ಅಕ್ಕಿ ಡಬ್ಬಿಯಲ್ಲಿ ಏಳು ನಾಣ್ಯ ಇಟ್ಟು, ಎಂಟನೇ ದಿನ ಸೇವಕರ ಖಾತೆಗೆ…”

ವಕೀಲ ಮೇಡಂ: ಮತ್ತೊಮ್ಮೆ ಹೇಳುತ್ತೇನೆ, ಇದೇ ಕೊನೆ. ನಾಣ್ಯ, ಬೀಜ, 11 ಜನ, ಇದ್ಯಾವುದೂ ಕೊಡುವುದಲ್ಲ. ಒಂದಕ್ಕೆ ನೂರು ಬರಲಿ ಎಂದು ಹಾಕಿದ್ದು ಪಂದ್ಯದ ಹಣ. ನಿಮ್ಮ ಅತ್ತೆಗೆ ಸಾಲ ತೀರಿದ್ದರೆ ಸಂತೋಷ. ಇದೇ ಥರದ ಸಂದೇಶ ನಂಬಿ ಮಗಳ ಮದುವೆಗೆ ಇಟ್ಟ ಹಣ ಕಳೆದುಕೊಂಡ ತಾಯಿ ನನ್ನ ಕಚೇರಿಗೆ ಬಂದಿದ್ದರು. ಗಂಡನಿಗೆ ಹೇಳಲಾರದೆ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು. ಸಿಟ್ಟು ಯಾಕೆ ಎಂದು ಕೇಳಿದಿರಿ, ಅದಕ್ಕೆ. ನಿಮ್ಮ ಸಭೆ ಮಕ್ಕಳ ಫೀಸು ಕಟ್ಟುವುದು ಒಳ್ಳೆಯ ಕೆಲಸ, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅಡ್ಮಿನ್, ಎರಡೂ ಸಂದೇಶ ತೆಗೆಯಿರಿ.

ಅಡ್ಮಿನ್: ತೆಗೆದೆ.

ಶಿರಸಿ: ಹಾಗಾದರೆ ನಾನೂ ಗುಂಪು ಬಿಡುತ್ತೇನೆ.

ಯಲ್ಲಾಪುರ: ಮೇಡಂ, ದಶಮಾಂಶ ಅಂದರೆ ಪೂರ್ತಿ ಸಂಬಳದ…

ವಕೀಲ ಮೇಡಂ: ಮೇಲೆ ಓದಿ ದಯವಿಟ್ಟು.

ಹೊನ್ನಾವರ: ಮೇಡಂ, ಆ ಸಾಲು ಅಮ್ಮನಿಗೆ ಓದಿ ಹೇಳಿದೆ. ಸಭೆಯ ಹೆಸರಿಗೆ ಅಂತಲೇ ತಿಳಿದುಕೊಂಡಿದ್ದರಂತೆ. ಆದರೆ ಗುರುವಾರ ಸಹಿಗೆ ಬರುತ್ತೇನೆ ಎಂದು ಮಾತು ಕೊಟ್ಟುಬಿಟ್ಟಿದ್ದಾರೆ.

ವಕೀಲ ಮೇಡಂ: ಮಾತು ಕೊಟ್ಟರೆ ಆಸ್ತಿ ಹೋಗುವುದಿಲ್ಲ, ನೋಂದಣಿಯಾದರೆ ಮಾತ್ರ. ಗುರುವಾರ ಹೋಗುವುದು ಬೇಡ ಎಂದು ಅಮ್ಮನೇ ಫೋನ್ ಮಾಡಿ ಹೇಳಲಿ. ನೀವು ಹೇಳಿದರೆ ಜಗಳವಾಗುತ್ತದೆ. ಸೋಮವಾರ ಬೆಳಿಗ್ಗೆ ಅಮ್ಮನನ್ನೂ ಕರೆದುಕೊಂಡು ಬನ್ನಿ. ಅಪ್ಪನ ಮರಣ ಪತ್ರ, ಅಪ್ಪ ಕೊಂಡ ಕ್ರಯಪತ್ರ, ಪಹಣಿ, ಖಾತೆ ಬದಲಾವಣೆಯ ಪ್ರತಿ, ವಂಶಾವಳಿ, ಋಣಭಾರ ಪತ್ರ ತನ್ನಿ. ಅಣ್ಣ ಬರಲಾರ ಎಂದು ಗೊತ್ತು, ಅವನ ಮಾತು ಕೇಳಲು ನಾನೇ ಮನೆಗೆ ಬರುತ್ತೇನೆ. ಬುಧವಾರದೊಳಗೆ ಅಮ್ಮ ಫೋನ್ ಮಾಡದಿದ್ದರೆ ತಕ್ಷಣ ನನಗೆ ತಿಳಿಸಿ. ತಡೆಯಾಜ್ಞೆಗೆ ಅರ್ಜಿ ಸಿದ್ಧ ಮಾಡಿ ಇಡುತ್ತೇನೆ.