ಹೊಸ ಹೆಲ್ಮೆಟ್ ಹಣೆ ಒತ್ತುತ್ತಿದೆ, ಒಳಗಿನ ಥರ್ಮಾಕೋಲ್ ಸ್ವಲ್ಪ ಅದುಮಬಹುದಾ?

ಸುಮ್ಮನಹಳ್ಳಿ ಸವಾರ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಫುಲ್ ಫೇಸ್ ಹೆಲ್ಮೆಟ್ ತಗೊಂಡೆ. ಐಎಸ್‌ಐ ಗುರುತು ಇದೆ, ಬೆಲೆ ನಾಲ್ಕು ಸಾವಿರದ ಹತ್ತಿರ. ಹುಬ್ಬಿನ ಮೇಲೆ ಟೇಪ್ ಸುತ್ತಿ ಅಳೆದಾಗ 59 ಸೆಂ.ಮೀ. ಬಂತು, ಅಂಗಡಿಯವರು 600 (ಮಿ.ಮೀ. ಲೆಕ್ಕ) ಅಂತ ಚೀಟಿ ಇರುವ ಸೈಜ್ ಕೊಟ್ಟರು. ಅಲ್ಲಿ ಎರಡು ನಿಮಿಷ ಹಾಕಿ ನೋಡಿದೆ, ಚೆನ್ನಾಗೇ ಇತ್ತು.

ಈಗ ಕಥೆಯೇ ಬೇರೆ. ದಿನಾ ಸುಮ್ಮನಹಳ್ಳಿಯಿಂದ ರಿಂಗ್ ರೋಡ್ ಹಿಡಿದು ಬೆಳ್ಳಂದೂರಿಗೆ ಹೋಗಬೇಕು. ಬನಶಂಕರಿ ಬರುವಷ್ಟರಲ್ಲಿ ಹಣೆ ಮಧ್ಯೆ ಒತ್ತಲು ಶುರುವಾಗುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ನಿಂತಾಗ ಹೆಲ್ಮೆಟ್ ಕಿತ್ತು ಟ್ಯಾಂಕ್ ಮೇಲೆ ಇಡೋಣ ಅನ್ನಿಸುತ್ತದೆ. ಆಫೀಸಿನ ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡರೆ ಹಣೆಯಲ್ಲಿ ಎರಡು ಬೆರಳಗಲ ಕೆಂಪು, ಕುಂಕುಮ ಒರೆಸಿಕೊಂಡ ಹಾಗೆ. ಆದರೆ ಕಿವಿಯ ಮೇಲ್ಭಾಗದಲ್ಲಿ ಲೂಸ್, ಬೆರಳು ಸಲೀಸಾಗಿ ಹೋಗುತ್ತದೆ.

ಒಂದು ವಿಡಿಯೋದಲ್ಲಿ ಒಳಗಿನ ಬಟ್ಟೆ ತೆಗೆದು ಥರ್ಮಾಕೋಲನ್ನು ಚಮಚದ ಹಿಂಭಾಗದಿಂದ ಒತ್ತಿ 5 ಮಿ.ಮೀ. ತಗ್ಗು ಮಾಡುವುದು ತೋರಿಸಿದರು. ಯಾರಾದರೂ ಮಾಡಿದ್ದೀರಾ? ವೈಸರ್ ಮೇಲಿನ ಪ್ಲಾಸ್ಟಿಕ್ ಕಿತ್ತಿದ್ದೇನೆ, ಹಾಗಾಗಿ ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದರು.

ಗೇರ್ ಬಾಕ್ಸ್

ಒತ್ತು ಗುರು, ತಲೆ ಕೆಡಿಸಿಕೊಳ್ಳಬೇಡ. ನಾನು ಒತ್ತಿ ಎರಡು ವರ್ಷ ಆಯಿತು. ನಂದಿ ಬೆಟ್ಟ, ಸಕಲೇಶಪುರ ಎಲ್ಲ ಸುತ್ತಿದ್ದೇನೆ. ಏನೂ ಆಗಿಲ್ಲ.

ಪೀಣ್ಯ ಟೂಲ್‌ರೂಮ್

ಏನೂ ಆಗಿಲ್ಲ ಅಂದರೆ ನೀವು ಬಿದ್ದಿಲ್ಲ ಅಂತ ಅರ್ಥ, ಅಷ್ಟೇ ಅಲ್ವಾ? ಬೀಳದಿದ್ದರೆ ಅನ್ನದ ಪಾತ್ರೆ ಹಾಕಿಕೊಂಡು ಓಡಾಡಿದರೂ ಏನೂ ಆಗಲ್ಲ.

ತಮಾಷೆ ಬಿಡಿ, ಲೆಕ್ಕ ಹೇಳುತ್ತೇನೆ. ಹೊರಗಿನ ಚಿಪ್ಪು ಪೆಟ್ಟನ್ನು ಹರಡುತ್ತದೆ, ಚೂಪಾದದ್ದು ಒಳಗೆ ನುಗ್ಗದಂತೆ ತಡೆಯುತ್ತದೆ. ತಲೆಯನ್ನು ನಿಧಾನಕ್ಕೆ ನಿಲ್ಲಿಸುವ ಕೆಲಸ ಥರ್ಮಾಕೋಲಿನದ್ದು. ಅದು ಪುಡಿಯಾಗುತ್ತಾ ಪುಡಿಯಾಗುತ್ತಾ ಪೆಟ್ಟು ನುಂಗುತ್ತದೆ. ಒಂದು ಸಲ ಅದುಮಿದ್ದು ಮತ್ತೆ ಉಬ್ಬಲ್ಲ, ಅದಕ್ಕೇ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಿ ಅನ್ನುವುದು. ಚಮಚದಲ್ಲಿ ಒತ್ತುವುದು ಅಂದರೆ ಆ ಅಪಘಾತವನ್ನು ಸ್ವಲ್ಪ ಸ್ವಲ್ಪ ಮನೆಯಲ್ಲೇ ಮಾಡಿಕೊಂಡ ಹಾಗೆ.

ಯುರೋಪಿನ ಹಳೆಯ ಹೆಲ್ಮೆಟ್ ಮಾನದಂಡ ಇಸಿಇ 22.05ರ ಪರೀಕ್ಷೆಯಲ್ಲಿ ಹೆಲ್ಮೆಟ್ ಹಾಕಿದ ಡಮ್ಮಿ ತಲೆಯನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಉಕ್ಕಿನ ದಿಮ್ಮಿಗೆ ಬಡಿಯುತ್ತಿದ್ದರು. ಗಂಟೆಗೆ 27 ಕಿ.ಮೀ. ಮಾತ್ರ. ಕೇಳಿದರೆ ಕಮ್ಮಿ ಅನ್ನಿಸುತ್ತದೆ, ಆದರೆ ಅದು ಸುಮಾರು 2.9 ಮೀಟರ್ ಎತ್ತರದಿಂದ ತಲೆ ಕೆಳಗಾಗಿ ಬಿದ್ದದ್ದಕ್ಕೆ ಸಮ. ಮೊದಲನೇ ಮಹಡಿ ಬಾಲ್ಕನಿ ಅಂದುಕೊಳ್ಳಿ. ಆ ವೇಗವನ್ನು 30 ಮಿ.ಮೀ. ದೂರದಲ್ಲಿ ನಿಲ್ಲಿಸಿದರೆ ತಲೆಗೆ ಸರಾಸರಿ 96 ಜಿ, ಅಂದರೆ ಭೂಮಿಯ ಸೆಳೆತದ 96 ಪಟ್ಟು, ಬೀಳುತ್ತದೆ. 25 ಮಿ.ಮೀ.ನಲ್ಲಿ ನಿಲ್ಲಿಸಬೇಕಾದರೆ ಸುಮಾರು 115 ಜಿ. ಅಂದರೆ ನಿಮ್ಮ ಆ 5 ಮಿ.ಮೀ. ಅನ್ನುವುದು ಐದನೇ ಒಂದು ಭಾಗ ಜಾಸ್ತಿ ಪೆಟ್ಟು. ಇದೂ ಕಡಿಮೆ ಲೆಕ್ಕವೇ. ಯಾಕೆಂದರೆ ಥರ್ಮಾಕೋಲ್ ಪೂರ್ತಿ ಸೊನ್ನೆಯವರೆಗೆ ಅದುಮಲ್ಲ, ಒಂದು ಹಂತದ ಮೇಲೆ ಕಲ್ಲಿನ ಹಾಗೆ ಆಗಿಬಿಡುತ್ತದೆ. ಮೊದಲೇ ಒತ್ತಿದ ಜಾಗ ಗಟ್ಟಿಯಾಗಿರುವುದರಿಂದ ಆ ಹಂತ ಬೇಗ ಬರುತ್ತದೆ. ಅದೂ ಹಣೆ ಭಾಗದಲ್ಲಿ.

ಹಳೇ ಬುಲೆಟ್

ಟೂಲ್‌ರೂಮ್ ಸಾರ್ ಹೇಳಿದ್ದು ಸರಿ. ನಾನು ಲೆಕ್ಕಕ್ಕೆ ಹೋಗಲ್ಲ, ಇವರ ತಲೆಗೆ ಬರುತ್ತೇನೆ.

ತಮ್ಮಾ, ಹಣೆ ಒತ್ತುತ್ತದೆ, ಪಕ್ಕ ಲೂಸ್ ಅಂದೆಯಲ್ಲ, ಅದು ಸೈಜಿನ ತೊಂದರೆ ಅಲ್ಲ, ಆಕಾರದ್ದು. ನಿನ್ನದು ಉದ್ದ ತಲೆ, ಹೆಲ್ಮೆಟ್ ದುಂಡು. ಮನೆಯಲ್ಲಿ ಯಾರಿಗಾದರೂ ಹೇಳಿ ನೆತ್ತಿಯ ನೇರ ಮೇಲಿನಿಂದ ಒಂದು ಫೋಟೋ ತೆಗೆಸು, ಕೂದಲು ಒದ್ದೆ ಮಾಡಿ ಅಂಟಿಸಿಕೊಂಡು. ಮೂಗಿನಿಂದ ಹಿಂದಲೆಗೆ ಉದ್ದವಾಗಿ ಕೋಳಿಮೊಟ್ಟೆ ಥರ ಕಂಡರೆ ಗೊತ್ತಾಯಿತು. ಒಂದು ಸೈಜ್ ದೊಡ್ಡದು ತಗೋ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಹಣೆ ನೋವು ಹೋಗುತ್ತದೆ, ಆದರೆ ಕೆನ್ನೆ ಹತ್ತಿರ ಗಂಟೆ ಹೊಡೆಯುತ್ತಾ ಇರುತ್ತದೆ.

ಮುಟ್ಟಬಹುದಾದದ್ದು ಸ್ಪಂಜು, ಬಟ್ಟೆ ಮಾತ್ರ. ಕೆನ್ನೆ ಪ್ಯಾಡ್ ದಪ್ಪ, ತೆಳು ಅಂತ ಕೆಲವು ಕಂಪನಿಗಳು ಬೇರೆ ಬೇರೆ ಮಾರುತ್ತವೆ. ಅರಾಯ್ ಥರದ ದುಬಾರಿ ಹೆಲ್ಮೆಟ್‌ಗಳಲ್ಲಿ ಪ್ಯಾಡಿನ ಸ್ಪಂಜನ್ನೇ ಪದರ ಪದರ ಕಿತ್ತು ತೆಗೆಯುವ ಹಾಗೆ ಮಾಡಿರುತ್ತಾರೆ, ಅದು ಕಂಪನಿಯವರೇ ಬಿಟ್ಟಿರುವ ದಾರಿ. ನಾಲ್ಕು ಸಾವಿರದ್ದರಲ್ಲಿ ಅದು ಸಿಗಲ್ಲ. ಹೊಸ ಸ್ಪಂಜು 15-20 ಗಂಟೆ ಓಡಿಸಿದ ಮೇಲೆ ಸ್ವಲ್ಪ ಕೂರುತ್ತದೆ, ಅದಕ್ಕೇ ಕೆನ್ನೆ ಬಿಗಿ ಇದ್ದರೆ ಸಹಿಸಿಕೋ ಅನ್ನುವುದು. ಆದರೆ ಹಣೆಯ ಒಂದೇ ಜಾಗ ಸುಡುವ ಹಾಗೆ ಒತ್ತಿದರೆ ಅದು ಕೂರುವ ನೋವಲ್ಲ.

ಇನ್ನೊಂದು. ಪ್ಯಾಡ್ ಅಂಟಿಸೋಕೆ ಚಪ್ಪಲಿ ಅಂಗಡಿಯ ಸಲ್ಯೂಷನ್ ತರಬೇಡ. ಒಂದು ಚೂರು ಥರ್ಮಾಕೋಲ್ ಮೇಲೆ ಎರಡು ಹನಿ ಪೆಟ್ರೋಲ್ ಬಿಟ್ಟು ನೋಡು, ಸಕ್ಕರೆ ಕರಗಿದ ಹಾಗೆ ಕರಗುತ್ತದೆ. ಆ ಸಲ್ಯೂಷನ್ ಮಾಡುವುದೂ ಅದನ್ನೇ, ನಿನಗೆ ಕಾಣದ ಹಾಗೆ ಬಟ್ಟೆಯ ಹಿಂದೆ. ಥಿನ್ನರ್ ಹಾಕಿ ಒರೆಸುವುದು, ಸ್ಪ್ರೇ ಪೇಂಟ್ ಹೊಡೆಸುವುದು ಎಲ್ಲ ಅದೇ ಜಾತಿ, ಚಿಪ್ಪೇ ಹಾಳಾಗುತ್ತದೆ. ಬೇಕಾದರೆ ವೆಲ್ಕ್ರೋ.

ಜಡೆ ಮತ್ತು ಸ್ಕೂಟರ್

ನನ್ನದು ಉಲ್ಟಾ ಕಥೆ, ಇಲ್ಲೇ ಹೇಳಬಹುದಾ? 2016ರಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಆದಾಗ ಮನೆಯವರು ಒಂದು ತಂದುಕೊಟ್ಟರು, ಅವರ ತಲೆಗೆ ಅಳೆದು! ನನಗೆ ಒಳಗೆ ಗಡಗಡ. ನಾನು ಟೈಲರ್ ಹತ್ತಿರ ಸ್ಪಂಜು ತಂದು ನೆತ್ತಿ ಮೇಲೆ ಎರಡು ಪದರ ಹೊಲಿಸಿ ಇಟ್ಟೆ. ಬಿಗಿ ಆಯಿತು ಅಂತ ಖುಷಿ. ಸ್ಕೂಟರ್ ಕಲಿತ ಮೇಲೂ ಅದನ್ನೇ ಹಾಕುತ್ತಿದ್ದೆ.

ಒಂದು ದಿನ ನನ್ನ ತಂಗಿ ಬಂದವಳು, ಪಟ್ಟಿ ಹಾಕಿಕೋ ಅಕ್ಕ ಅಂದಳು, ಹಾಕಿಕೊಂಡೆ. ಹಿಂದೆ ನಿಂತು ಕತ್ತಿನ ಹತ್ತಿರ ಹೆಲ್ಮೆಟ್ಟಿನ ಅಂಚು ಹಿಡಿದು ಮೇಲಕ್ಕೆ, ಮುಂದಕ್ಕೆ ದಬ್ಬಿದಳು. ಪಟ್ಟಿ ಹಾಕಿದ್ದ ಹೆಲ್ಮೆಟ್ ಮುಖದ ಮೇಲೆ ಜಾರಿ ಕೈಗೇ ಬಂತು. ಹಾಲ್‌ನಲ್ಲಿ ನಿಂತಿದ್ದ ನಮ್ಮ ಅತ್ತೆ ಸೇರಿ ಎಲ್ಲರೂ ಒಂದು ನಿಮಿಷ ಸುಮ್ಮನಾದೆವು. ನೆತ್ತಿಗೆ ಸ್ಪಂಜು ಇಟ್ಟಿದ್ದರಿಂದ ಹೆಲ್ಮೆಟ್ ತಲೆ ಮೇಲೆ ಎತ್ತರಕ್ಕೆ ಕೂತಿತ್ತು, ಪಟ್ಟಿ ಗಲ್ಲದ ಕೆಳಗೆ ಸರಿಯಾಗಿ ಸಿಗುತ್ತಲೇ ಇರಲಿಲ್ಲ. ಮೆತ್ತನೆ ಸ್ಪಂಜು ಪೆಟ್ಟನ್ನೂ ತಡೆಯಲ್ಲವಂತೆ. ಸೊಂಟದವರೆಗೆ ಜಡೆ ಇರುವವರು ಕೇಳಿ, ತುರುಬು ಕಟ್ಟಿ ಹೆಲ್ಮೆಟ್ ಹಾಕಿದರೂ ಇದೇ ಗತಿ. ಕ್ಲಿಪ್ಪು ತೆಗೆದು ಕತ್ತಿನ ಹತ್ತಿರ ಕೆಳಗೆ ಜಡೆ ಬಿಡಿ.

ಈಗ 560 ಸೈಜಿನದು, ಆ ದಬ್ಬುವ ಪರೀಕ್ಷೆ ಅಂಗಡಿಯಲ್ಲೇ ಮಾಡಿ ತಂದದ್ದು. ಅಂಗಡಿಯವರು ವಿಚಿತ್ರವಾಗಿ ನೋಡಿದರು, ನೋಡಲಿ.

ಗೇರ್ ಬಾಕ್ಸ್

ಟೂಲ್‌ರೂಮ್ ಸಾರ್ ಮಾತಿಗೆ ಸಿಟ್ಟು ಬಂದು, ತೋರಿಸಿಯೇ ಬಿಡೋಣ ಅಂತ ನನ್ನ ಹೆಲ್ಮೆಟ್ ಬಟ್ಟೆ ಬಿಚ್ಚಿದೆ. ಒತ್ತಿದ ಜಾಗದ ಅಂಚಿನಿಂದ ಮೇಲಕ್ಕೆ ಕಡ್ಡಿ ಉದ್ದ ಒಂದು ಬಿರುಕು. ಉಗುರು ಇಟ್ಟರೆ ತೆರೆದುಕೊಳ್ಳುತ್ತದೆ. ಒತ್ತುವಾಗಲೇ ಬಂತೋ ಆಮೇಲೋ ಗೊತ್ತಿಲ್ಲ. ಎರಡು ವರ್ಷ ಇದನ್ನೇ ಹಾಕಿಕೊಂಡು ಘಾಟಿ ಇಳಿದಿದ್ದೇನೆ.

ಸುಮ್ಮನಹಳ್ಳಿ, ಒತ್ತಬೇಡ ಗುರು.

ಪೀಣ್ಯ ಟೂಲ್‌ರೂಮ್

ಒಪ್ಪಿಕೊಂಡಿರಲ್ಲ, ದೊಡ್ಡದು. ಇಲ್ಲಿ ಯಾರೂ ಹಾಗೆ ಒಪ್ಪಿಕೊಳ್ಳಲ್ಲ. ಹೆಲ್ಮೆಟ್ ಇಲ್ಲದಿದ್ದರೆ ಟ್ರಾಫಿಕ್ ಪೊಲೀಸರು 500 ರೂಪಾಯಿ ಬರೆಯುತ್ತಾರೆ, ಆದರೆ ಬಟ್ಟೆ ಬಿಚ್ಚಿ ಥರ್ಮಾಕೋಲ್ ನೋಡುವ ಪೊಲೀಸ್ ಇನ್ನೂ ಹುಟ್ಟಿಲ್ಲ. ಐಎಸ್‌ಐ ಗುರುತಿಗೆ ಬೇಕಾದ ಐಎಸ್ 4151 ಪರೀಕ್ಷೆ ಪಾಸಾದದ್ದು ಕಂಪನಿಯಿಂದ ಬಂದ ಹೆಲ್ಮೆಟ್, ನಾವು ಕೈ ಆಡಿಸಿದ್ದಲ್ಲ. ಚೀಟಿ ಮಾತ್ರ ಹಾಗೇ ಅಂಟಿಕೊಂಡಿರುತ್ತದೆ.

ಸುಮ್ಮನಹಳ್ಳಿ ಸವಾರ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು ಬಟ್ಟೆ ಪೂರ್ತಿ ಬಿಚ್ಚಿದೆ. ಹಣೆ ಕಡೆ ಬಟ್ಟೆಗೆ ಒಂದು ತೆಳು ಪ್ಲಾಸ್ಟಿಕ್ ಪಟ್ಟಿ ಹೊಲಿದಿರುತ್ತದೆ, ಅದು ಚಿಪ್ಪಿಗೂ ಥರ್ಮಾಕೋಲಿಗೂ ನಡುವಿನ ಸಂದಿಯಲ್ಲಿ ಕೂರಬೇಕು. ನನ್ನದರಲ್ಲಿ ಎಡಭಾಗ ಕೂತಿರಲಿಲ್ಲ, ಮಡಿಸಿಕೊಂಡು ಹಣೆಗೆ ಏಣಿನ ಹಾಗೆ ಒತ್ತುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ, ಟಿಕ್ ಅಂತು. ಅರ್ಧ ನೋವು ಅಲ್ಲೇ ಹೋಯಿತು. ಚಮಚ ತಂದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಉಳಿದ ಅರ್ಧ ಹೋಗಲಿಲ್ಲ. ಫೋಟೋ ತೆಗೆಸಿದೆ. ಹಳೇ ಬುಲೆಟ್ ಅಣ್ಣ ಹೇಳಿದ ಹಾಗೇ ಕೋಳಿಮೊಟ್ಟೆ, ಹೆಂಡತಿ ಇನ್ನೂ ನಗುತ್ತಿದ್ದಾಳೆ. ಭಾನುವಾರ ಬಾಮೈದ ಬಂದಿದ್ದ, ಅವನದು ಗುಂಡು ತಲೆ, 59 ಸೆಂ.ಮೀ.ಯೇ. ಅವನಿಗೆ ಹಾಕಿಸಿ ಅರ್ಧ ಗಂಟೆ ಟಿವಿ ಮುಂದೆ ಕೂರಿಸಿದೆ. ಹಣೆಯಲ್ಲಿ ಗುರುತಿಲ್ಲ. ಹಿಂದಿನಿಂದ ದಬ್ಬಿದರೂ ಬರಲಿಲ್ಲ, ಕೆನ್ನೆ ಚರ್ಮ ಹೆಲ್ಮೆಟ್ ಜೊತೆಗೇ ತಿರುಗುತ್ತದೆ. ಎರಡೂವರೆ ಸಾವಿರಕ್ಕೆ ಅವನೇ ತಗೊಂಡ, ಒಂದೂವರೆ ನಷ್ಟ ನನಗೆ.

ಹೊಸದಕ್ಕೆ ಲಾಲ್‌ಬಾಗ್ ರೋಡ್‌ಗೆ ಹೋದೆ. ಐದು ಮಾಡೆಲ್ ಹಾಕಿ ನೋಡಿದೆ, ಒಂದನ್ನು ಹಾಕಿಕೊಂಡೇ 25 ನಿಮಿಷ ಸ್ಟೂಲ್ ಮೇಲೆ ಕೂತೆ. ಹಣೆ, ಹಿಂದಲೆ ಎರಡೂ ಒಂದೇ ಸಮ ಒತ್ತಿತು. ಕೆನ್ನೆ ಮಾತ್ರ ಇನ್ನೂ ಬಿಗಿ, ಮಾತಾಡಿದರೆ ಬಾಯೊಳಗೆ ಚರ್ಮ ಕಚ್ಚುತ್ತದೆ. ಸಹಿಸಿಕೊಳ್ಳುತ್ತೇನೆ.

ಗೇರ್ ಬಾಕ್ಸ್

25 ನಿಮಿಷ ಕೂರೋಕೆ ಬಿಡುವ ಅಂಗಡಿ ಯಾವುದು ಗುರು? ನಾನೂ ಹೊಸದು ತಗೊಳ್ಳಬೇಕು.

ಸುಮ್ಮನಹಳ್ಳಿ ಸವಾರ

ಯಾವ ಅಂಗಡಿ ಆದರೂ ಬಿಡುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಹೋಗು, ಗಿರಾಕಿ ಇರಲ್ಲ. ನನಗೆ ಟೀ ಕೂಡ ತರಿಸಿದರು, ಹೆಲ್ಮೆಟ್ ತೆಗೆಯದೆ ಕುಡಿಯೋಕೆ ಆಗಲಿಲ್ಲ.