ಸಹಾಯ ಬೇಕು: ಸಿಲಿಂಡರ್ ಒಂದು ತಿಂಗಳೂ ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವು ನಾಲ್ಕು ಜನ. 14.2 ಕೆಜಿ ಸಿಲಿಂಡರ್ ಮೊದಲು 40 ದಿನ ಬರುತ್ತಿತ್ತು, ಈಗ 28ಕ್ಕೇ ಖಾಲಿ. ಪೈಪಿಗೆ ಸೋಪಿನ ನೀರು ಹಚ್ಚಿ ನೋಡಿದೆ, ಸೋರಿಕೆ ಇಲ್ಲ. ಬೇಳೆ ನೆನೆಸಿಯೇ ಕುಕ್ಕರ್ ಇಡುತ್ತೇನೆ, ಅದರಲ್ಲೇ ಇನ್ನೊಂದು ಡಬ್ಬಿಯಲ್ಲಿ ಅನ್ನ.

ನನ್ನ ಅನುಮಾನ ದೊಡ್ಡ ಬರ್ನರ್ ಮೇಲೆ. ಉರಿ ನೀಲಿ ಹೋಗಿ ಹಳದಿಯಾಗಿದೆ, ಪಾತ್ರೆಯ ತಳವೆಲ್ಲ ಮಸಿ. ಹಾಲು, ಸಾರು ಉಕ್ಕಿ ತೂತು ಕಟ್ಟಿರಬೇಕು, ಅಲ್ವಾ? ಪಿನ್ನಿನಿಂದ ಚುಚ್ಚಿದೆ. ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ರಿಪೇರಿಯವರು ಹೊಸ ಸ್ಟೌವೇ ತಗೊಳ್ಳಿ ಎನ್ನುತ್ತಾರೆ (ಮಾರುವವರೂ ಅವರೇ!).

ಹಿತ್ತಾಳೆ ಬರ್ನರನ್ನು ಹುಣಸೆಹಣ್ಣಿನ ನೀರಲ್ಲಿ ನೆನೆಸಿ ತೊಳೆದವರಿದ್ದೀರಾ? ಎಷ್ಟು ಹೊತ್ತು ಬಿಡಬೇಕು? ಸುಮ್ನೆ ಹೊಸ ಬರ್ನರ್ ಮಾತ್ರ ಹಾಕಿಸಿದರೆ ಸಾಕಾ? ದಯವಿಟ್ಟು ತಿಳಿಸಿ.