ಜೂನ್ 23ರ ರಾತ್ರಿ ಇಟಲಿಯವರು ಹೂವು, ಸೊಪ್ಪುಗಳನ್ನು ನೀರಿನಲ್ಲಿ ಹಾಕಿ ಹೊರಗಿಡುವುದೇಕೆ?

ತೋಟದಮನೆ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಮ್ಮ ಹೋಂಸ್ಟೇಯಲ್ಲಿ ಒಂದು ವಾರದಿಂದ ಇಟಲಿಯ ದಂಪತಿ ಉಳಿದುಕೊಂಡಿದ್ದಾರೆ. 23ನೆಯ ತಾರೀಖಿನ ಸಂಜೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಆಕೆ ನನ್ನಿಂದ ಒಂದು ಅಗಲವಾದ ಪಾತ್ರೆಯನ್ನು ಕೇಳಿ ಪಡೆದು, ಅಂಗಳದ ಗುಲಾಬಿ ಎಸಳು, ಪುದೀನ ಮತ್ತು ತುಳಸಿಯನ್ನು ನೀರಿನಲ್ಲಿ ತೇಲಿಬಿಟ್ಟು ಜಗಲಿಯ ಮೆಟ್ಟಿಲ ಮೇಲೆ ಇಟ್ಟರು. ರಾತ್ರಿಯಿಡೀ ಅದರ ಮೇಲೆ ಇಬ್ಬನಿ ಬೀಳಬೇಕು, ಬೆಳಿಗ್ಗೆ ಆ ನೀರಿನಲ್ಲಿ ಮುಖ ತೊಳೆಯಬೇಕು, ಇದು ತಮ್ಮ ಅಜ್ಜಿಯ ಕಾಲದಿಂದ ಬಂದ ಪದ್ಧತಿ ಎಂದು ಹೇಳಿದರು. ರಾತ್ರಿ ಸುರಿದ ಮಳೆಗೆ ಪಾತ್ರೆ ತುಂಬಿ ಹರಿದು, ಬೆಳಿಗ್ಗೆ ನೋಡುವಾಗ ಎಸಳುಗಳು ಮೆಟ್ಟಿಲಿಗೆ ಅಂಟಿಕೊಂಡಿದ್ದವು. ಆದರೂ ಉಳಿದ ನೀರಿನಲ್ಲಿ ಇಬ್ಬರೂ ಶ್ರದ್ಧೆಯಿಂದ ಮುಖ ತೊಳೆದುಕೊಂಡರು.

ಅದನ್ನು ನೋಡುತ್ತಿದ್ದಾಗ ನನಗೆ ನಮ್ಮ ಕೊಡಗಿನ ಕಕ್ಕಡ ಹದಿನೆಂಟರ, ಅಂದರೆ ಕಕ್ಕಡ ತಿಂಗಳ ಹದಿನೆಂಟನೆಯ ದಿನದ, ನೆನಪಾಯಿತು. ವರ್ಷವಿಡೀ ಬೇಲಿಯ ಬದಿಯಲ್ಲಿ ಸುಮ್ಮನೆ ಬೆಳೆದಿರುವ ಮದ್ದು ಸೊಪ್ಪಿಗೆ ಆ ಒಂದು ದಿನ ಹದಿನೆಂಟು ಬಗೆಯ ಔಷಧಿಯ ಗುಣ ಸೇರುತ್ತದೆ ಎಂದು ನಾವು ನಂಬುವಂತೆ, ಅವರೂ ಜೂನ್ 24ನ್ನು ನಂಬುತ್ತಾರೆಯೇ? ಆ ದಿನವನ್ನೇ ಆರಿಸಿಕೊಂಡದ್ದು ಏಕೆ? ಜೂನ್ ತಿಂಗಳಿಗೆ ಸೇರಿದ ಅವರ ಇತರ ಆಚರಣೆಗಳು, ಗಾದೆಗಳು ಗೊತ್ತಿದ್ದವರು ದಯವಿಟ್ಟು ತಿಳಿಸಬೇಕು.

ಕಾಫಿಹೂವು, ವಿರಾಜಪೇಟೆ

ನಾಪೋಕ್ಲಿನ ಅಕ್ಕನವರೇ, ಓದಿನ ಸಲುವಾಗಿ ಮೂರು ವರ್ಷ ಉತ್ತರ ಇಟಲಿಯ ಮೊದೆನಾದಲ್ಲಿ ಇದ್ದವಳಾದ್ದರಿಂದ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಜೂನ್ 24 ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸಂತ, ಸ್ನಾನಿಕ ಯೊವಾನ್ನರ ಜನ್ಮದಿನ. ಅಲ್ಲಿಯವರು ಅವರನ್ನು ಸಾನ್ ಜೊವಾನ್ನಿ ಎನ್ನುತ್ತಾರೆ. ಸಾಮಾನ್ಯವಾಗಿ ಸಂತರನ್ನು ನೆನೆಯುವುದು ಅವರು ತೀರಿಕೊಂಡ ದಿನದಂದು. ಹುಟ್ಟಿದ ದಿನವನ್ನೂ ಹಬ್ಬವಾಗಿ ಆಚರಿಸುವುದು ಯೇಸುವನ್ನು ಬಿಟ್ಟರೆ ಮರಿಯಮ್ಮನವರಿಗೆ ಮತ್ತು ಇವರಿಗೆ ಮಾತ್ರ. ನಿಮ್ಮ ಅತಿಥಿಗಳು ಮಾಡಿದ್ದು "ಸಾನ್ ಜೊವಾನ್ನಿಯ ನೀರು". ಲ್ಯಾವೆಂಡರ್, ರೋಸ್‌ಮೇರಿ, ಪುದೀನ, ಗುಲಾಬಿ, ಇವುಗಳ ಜೊತೆ ಇಪೇರಿಕೊ ಎಂಬ ಹಳದಿ ಹೂವು ಅದರಲ್ಲಿ ಇರಲೇಬೇಕು ಎನ್ನುತ್ತಾರೆ. ಆ ರಾತ್ರಿಯ ಇಬ್ಬನಿ ಎಲ್ಲ ಕಾಯಿಲೆಗಳನ್ನೂ ವಾಸಿ ಮಾಡುತ್ತದೆ ಎಂಬ ಗಾದೆಯೇ ಅಲ್ಲಿದೆ.

ಕಕ್ಕಡ ಹದಿನೆಂಟರ ಹೋಲಿಕೆ ನನ್ನ ಮನಸ್ಸಿಗೂ ಬಂದಿತ್ತು, ಆದರೆ ನೀರಿನಿಂದಲ್ಲ, ಬಣ್ಣದಿಂದ. ಇಪೇರಿಕೊ ಹೂವಿನ ಎಸಳನ್ನು ಬೆರಳಿನಲ್ಲಿ ಹಿಸುಕಿದರೆ ಹಳದಿಯ ಬದಲು ಕೆಂಪು ಬಣ್ಣ ಅಂಟುತ್ತದೆ. ಸಾನ್ ಜೊವಾನ್ನಿಯ ಹೊತ್ತಿಗೆ ಕೊಯ್ದ ಹೂಗಳನ್ನು ಆಲಿವ್ ಎಣ್ಣೆಯಲ್ಲಿ ಹಾಕಿ ವಾರಗಟ್ಟಲೆ ಬಿಸಿಲಿಗಿಟ್ಟರೆ ಎಣ್ಣೆ ಮಾಣಿಕ್ಯದಂತೆ ಕೆಂಪಾಗುತ್ತದೆ, ಅದನ್ನು ಸುಟ್ಟ ಗಾಯಕ್ಕೆ ಹಚ್ಚುವ ರೂಢಿಯಿದೆ. ತಲೆ ಕಡಿಸಿಕೊಂಡ ಸಂತನ ರಕ್ತವೇ ಅದು ಎಂದು ಹಳಬರು ಹೇಳುತ್ತಾರೆ. ದೆವ್ವವನ್ನು ಓಡಿಸುವ ಗಿಡ ಎಂಬ ಅರ್ಥದ ಇನ್ನೊಂದು ಹೆಸರೂ ಅದಕ್ಕಿದೆ.

ಮೊದೆನಾದವರಿಗೆ ಈ ದಿನ ಮುಖ್ಯವಾಗುವುದು ಅಕ್ರೋಟಿನಿಂದ. ಹಸಿರು ಕಾಯಿಗಳನ್ನು ಈ ಹಬ್ಬದ ಸಮಯದಲ್ಲಿ ಮರದಿಂದ ಕಿತ್ತು, ನಾಲ್ಕು ಹೋಳು ಮಾಡಿ, ಸಕ್ಕರೆಯೊಂದಿಗೆ ಮದ್ಯಸಾರದಲ್ಲಿ ನೆನೆಹಾಕಿ ಬಿಸಿಲಿಗಿಡುತ್ತಾರೆ. ಕಾಯಿಗಳ ಸಂಖ್ಯೆ ಬೆಸವಾಗಿರಬೇಕೆಂಬ ನಿಯಮವೂ ಉಂಟು. ಇದೇ ನೊಚಿನೊ ಎಂಬ ಮನೆ ಮದ್ಯ. ನಮ್ಮಲ್ಲಿ ಮನೆಮನೆಯಲ್ಲಿ ವೈನ್ ಇಡುವ ಹಾಗೆ ಅಲ್ಲಿ ಇದನ್ನು ಇಡುತ್ತಾರೆ. ನಾನಿದ್ದ ಮನೆಯ ಅಜ್ಜಿ ಕತ್ತರಿಸಲು ನನ್ನನ್ನೂ ಕೂರಿಸಿದ್ದರು. ಕಾಯಿಯ ಒಳಗೆ ಗಟ್ಟಿ ಚಿಪ್ಪು ಇನ್ನೂ ಕಟ್ಟಿರಲಿಲ್ಲ. ಚಾಕು ಬದನೆಕಾಯಿಯಲ್ಲಿ ಇಳಿದಂತೆ ಇಳಿಯುತ್ತಿತ್ತು, ತಿರುಳು ಬಿಳಿಯ ಲೋಳೆಯಂತಿತ್ತು. ಸಂಜೆಯ ಹೊತ್ತಿಗೆ ನನ್ನ ಬೆರಳುಗಳು ಕಂದಾಗಿ, ಮರುದಿನ ಕಪ್ಪಾಗಿ, ವಾರವಾದರೂ ಆ ಕಲೆ ಹೋಗಲಿಲ್ಲ. ಬಾಟಲಿಯಲ್ಲಿ ಮೊದಲು ಹಸಿರಾಗಿದ್ದ ರಸವೂ ಕಾಫಿಯ ಡಿಕಾಕ್ಷನ್ನಿನಷ್ಟು ಕಪ್ಪಾಯಿತು. ಹಸಿರು ಮದ್ದು ಸೊಪ್ಪನ್ನು ಕುದಿಸಿದಾಗ ನೀರು ನೇರಳೆಯಾಗುವುದನ್ನು ಕಂಡು ಬೆಳೆದ ನನಗೆ, ಇವರು ಈ ದಿನವನ್ನು ಏಕೆ ಹಿಡಿದುಕೊಂಡರೆಂದು ಯಾರೂ ವಿವರಿಸಬೇಕಾಗಲಿಲ್ಲ. ತಡ ಮಾಡಿದರೆ ಚಿಪ್ಪು ಗಟ್ಟಿಯಾಗುತ್ತದೆ, ಕಾಯಿ ಕೆಲಸಕ್ಕೆ ಬಾರದು. ತಾರೀಖನ್ನು ಗೊತ್ತುಮಾಡಿದ್ದು ಸಂತನ ಹೆಸರಾದರೂ ಅದನ್ನು ಉಳಿಸಿಕೊಂಡು ಬಂದದ್ದು ಕಾಯಿಯೇ ಎಂದು ನಾನು ನಂಬುತ್ತೇನೆ.

ಪಕ್ಕದ ಪಾರ್ಮಾದಲ್ಲಿ 23ರ ರಾತ್ರಿ ಜನರು ಬಯಲಿನಲ್ಲಿ ಮೇಜು ಹಾಕಿ, ಸೊಪ್ಪು ಮತ್ತು ರಿಕೊಟ್ಟಾ ಗಿಣ್ಣನ್ನು ತುಂಬಿದ ತೊರ್ತೆಲ್ಲಿ ಎಂಬ ಪಾಸ್ತಾವನ್ನು ಬೆಣ್ಣೆಯಲ್ಲಿ ಮುಳುಗಿಸಿ ತಿನ್ನುತ್ತಾ, ಮೈಮೇಲೆ ಇಬ್ಬನಿ ಬೀಳುವವರೆಗೂ ಕುಳಿತಿರುತ್ತಾರೆ.

ನಿವೃತ್ತ ಅಧ್ಯಾಪಕ, ಸೋಮವಾರಪೇಟೆ

ಮೇಲಿನ ಉತ್ತರವನ್ನು ಬಹಳ ಸಂತೋಷದಿಂದ ಓದಿದೆ. ದಿನದ ಆಯ್ಕೆಯ ಬಗ್ಗೆ ಒಂದು ಮಾತನ್ನು ಸೇರಿಸಬೇಕು. ಲೂಕನ ಸುವಾರ್ತೆಯ ಪ್ರಕಾರ ಯೊವಾನ್ನರು ಯೇಸುವಿಗಿಂತ ಸುಮಾರು ಆರು ತಿಂಗಳು ಹಿರಿಯರು. ಆದ್ದರಿಂದ ಡಿಸೆಂಬರ್ 25ಕ್ಕೆ ಎದುರಾಗಿ ಜೂನ್ 24 ಬಂದಿತು. 25 ಆಗದೆ 24 ಆದದ್ದಕ್ಕೂ ಕಾರಣವಿದೆ. ರೋಮನ್ನರು ಮುಂದಿನ ತಿಂಗಳ ಮೊದಲ ದಿನದಿಂದ ಹಿಂದಕ್ಕೆ ಎಣಿಸುತ್ತಿದ್ದರು. ಜನವರಿ 1ರಿಂದ ಹಿಂದಕ್ಕೆ, ಆ ದಿನವನ್ನೂ ಸೇರಿಸಿ ಎಣಿಸಿದರೆ, ಎಂಟನೆಯ ದಿನ ಡಿಸೆಂಬರ್ 25. ಜುಲೈ 1ರಿಂದ ಹಾಗೆಯೇ ಎಣಿಸಿದರೆ ಜೂನ್ 24, ಏಕೆಂದರೆ ಜೂನ್ ತಿಂಗಳಿಗೆ 30 ದಿನಗಳು ಮಾತ್ರ. ಅತಿ ದೀರ್ಘ ಹಗಲು ಮುಗಿದು ಹಗಲು ಕಿರಿದಾಗತೊಡಗುವ ಸಮಯವೂ ಅದೇ.

ಗಾದೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಜೂನ್ 11ರ ಬಾರ್ನಬಾ ಸಂತನದು: "ಬಾರ್ನಬಾ ದಿನವೇ ವರ್ಷದ ಅತಿ ದೀರ್ಘ ದಿನ" ಎಂಬ ಅರ್ಥದ ಮಾತು. ಇಂದು ಕೇಳಿದರೆ ಇದು ತಪ್ಪು, ಹತ್ತು ದಿನ ಮುಂಚೆಯೇ ಹೇಳಿದಂತಾಗುತ್ತದೆ. ಆದರೆ ಗಾದೆ ಹುಟ್ಟಿದ ಕಾಲದಲ್ಲಿ ಅದು ಸರಿಯಾಗಿಯೇ ಇತ್ತು. ಹಳೆಯ ಜೂಲಿಯನ್ ಪಂಚಾಂಗ ಸೂರ್ಯನಿಂದ ತಪ್ಪುತ್ತಾ ಬಂದಿದ್ದರಿಂದ, 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿಯವರು ಅಕ್ಟೋಬರ್ 4ರ ಮರುದಿನವನ್ನು 15 ಎಂದು ಸಾರಿ ಹತ್ತು ದಿನಗಳನ್ನು ತೆಗೆದುಹಾಕಿದರು. ಪಂಚಾಂಗ ಸರಿಯಾಯಿತು, ಗಾದೆ ಮಾತ್ರ ಹಳೆಯ ಪಂಚಾಂಗದಲ್ಲೇ ಉಳಿಯಿತು. ಪ್ರಾಸದ ಕಾರಣದಿಂದ ನಾಲಿಗೆಯ ಮೇಲೆ ನಿಂತ ಇನ್ನೊಂದು ಮಾತು "ಜೂನ್ಯೊ, ಲಾ ಫಾಲ್ಚೆ ಇನ್ ಪೂನ್ಯೊ", ಅಂದರೆ ಜೂನ್ ಬಂತೆಂದರೆ ಮುಷ್ಟಿಯಲ್ಲಿ ಕುಡುಗೋಲು. ಅಲ್ಲಿ ಅದು ಗೋಧಿ ಕೊಯ್ಲಿನ ತಿಂಗಳು. ನಮ್ಮಲ್ಲಿ ಅದೇ ತಿಂಗಳು ಸಸಿಮಡಿಯದು.

ನಮ್ಮ ಮಳೆ ನಕ್ಷತ್ರಗಳೂ ಹೀಗೆಯೇ ಸರಿಯುತ್ತಿವೆ, ಸುಮಾರು 72 ವರ್ಷಕ್ಕೆ ಒಂದು ದಿನದಂತೆ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬ ಬಯಲುಸೀಮೆಯ ಗಾದೆಯನ್ನು ಕೊಡಗಿನಲ್ಲಿ ಕುಳಿತು ಉದಾಹರಿಸುವವರು ಕಾಲ ಮತ್ತು ಸ್ಥಳ ಎರಡನ್ನೂ ನೋಡಬೇಕು.

ಫ್ಲಾರೆನ್ಸ್ ನಗರಕ್ಕೂ ಯೊವಾನ್ನರೇ ಪಾಲಕ ಸಂತ. 1252ರಿಂದ ಅಲ್ಲಿ ಅಚ್ಚಾದ ಚಿನ್ನದ ಫ್ಲೊರಿನ್ ನಾಣ್ಯದ ಒಂದು ಮುಖದಲ್ಲಿ ಅವರ ಚಿತ್ರವಿತ್ತು. "ಸಾನ್ ಜೊವಾನ್ನಿಗೆ ಮೋಸ ಸಲ್ಲದು" ಎಂಬ ಗಾದೆಯನ್ನು ಆ ನಾಣ್ಯಕ್ಕೇ ಜೋಡಿಸಿ ಹೇಳುತ್ತಾರೆ.

ಹಾರಂಗಿ ದಡ, ಕುಶಾಲನಗರ

ಚಿಕ್ಕ ಸೇರ್ಪಡೆ. ಈಸ್ಟರ್ ಲೆಕ್ಕದ ಮೇಲೆ ಹೆಚ್ಚಾಗಿ ಜೂನ್‌ನಲ್ಲಿ ಬರುವ ಕೊರ್ಪುಸ್ ದೊಮಿನಿ (ಪ್ರಭುವಿನ ಶರೀರ) ಹಬ್ಬಕ್ಕೆ, ರೋಮ್ ಹತ್ತಿರದ ಜೆನ್ಸಾನೊ ಊರಿನಲ್ಲಿ 1778ರಿಂದ ಇಡೀ ಬೀದಿಗೆ ಹೂವಿನೆಸಳಿನ ಚಿತ್ರ ಹಾಸುತ್ತಾರೆ. ಕೊನೆಯಲ್ಲಿ ಊರಿನ ಮಕ್ಕಳು ಇಳಿಜಾರಿನಲ್ಲಿ ಓಡಿ ಬಂದು ಅದನ್ನು ಅಳಿಸುವುದೂ ಹಬ್ಬದ ಒಂದು ಭಾಗ. ನೇಪಲ್ಸ್ ಬಳಿಯ ನೋಲಾದಲ್ಲಿ, ಜೂನ್ 22ರ ಪಾವುಲೀನೊ ಸಂತನ ಹಬ್ಬಕ್ಕೆ, ಸುಮಾರು 25 ಮೀಟರ್ ಎತ್ತರದ ಎಂಟು ಮರದ ಗೋಪುರಗಳನ್ನು ಹೆಗಲ ಮೇಲೆ ಹೊತ್ತು ಕುಣಿಸುತ್ತಾರೆ.

ಅತಿಥಿಗಳು ಇನ್ನೂ ಇದ್ದರೆ 28ರ ರಾತ್ರಿ "ಪೇತ್ರನ ದೋಣಿ"ಯನ್ನು ಕೇಳಿ ನೋಡಿ. ನೀರು ತುಂಬಿದ ಗಾಜಿನ ಹೂಜಿಗೆ ಮೊಟ್ಟೆಯ ಬಿಳಿಯನ್ನು ಮೆಲ್ಲನೆ ಬಿಟ್ಟು ಹೊರಗಿಟ್ಟರೆ, ಬೆಳಿಗ್ಗೆ ಬಿಳಿಯ ಎಳೆಗಳು ಹಾಯಿಯಂತೆ ಎದ್ದು ನಿಂತಿರುತ್ತವೆ. ಹಾಯಿ ಬಿಚ್ಚಿಕೊಂಡಿದ್ದರೆ ಬಿಸಿಲು, ಮುಚ್ಚಿಕೊಂಡಿದ್ದರೆ ಮಳೆ ಎಂದು ಉತ್ತರ ಇಟಲಿಯ ರೈತರು ಓದುತ್ತಿದ್ದರು.

ತೋಟದಮನೆ, ನಾಪೋಕ್ಲು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮೇಷ್ಟ್ರು ಹೇಳಿದ ಬಾರ್ನಬಾ ಗಾದೆಯನ್ನು ನಾನು ಅತಿಥಿಗಳಿಗೆ ಹೇಳುತ್ತಿದ್ದಂತೆ ಆಕೆಯ ಪತಿ ಅದನ್ನು ತಮ್ಮ ಭಾಷೆಯಲ್ಲಿ ಪೂರ್ತಿ ಮಾಡಿದರು. ಆಮೇಲೆ ಇಬ್ಬರನ್ನೂ ಮನೆಯ ಹಿಂದಿನ ಬೇಲಿಗೆ ಕರೆದುಕೊಂಡು ಹೋಗಿ ಮದ್ದು ಸೊಪ್ಪಿನ ಗಿಡವನ್ನು ತೋರಿಸಿದೆ. ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಊರಿಗೆಲ್ಲ ಇದರ ಪರಿಮಳ ಹರಡುತ್ತದೆ ಎಂದೆ. ಆಕೆ ಒಂದು ಎಲೆಯನ್ನು ಕಿತ್ತು, ಅಂಗೈಯಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಬಳಿಕ ನನ್ನ ಮೂಗಿಗೂ ಹಿಡಿದರು. ಯಾವ ವಾಸನೆಯೂ ಇರಲಿಲ್ಲ. "ಚಿಪ್ಪು ಇನ್ನೂ ಕಟ್ಟಿಲ್ಲ" ಎಂದು ಹೇಳಿ ಎಲೆಯನ್ನು ಗಿಡದ ಬುಡದಲ್ಲಿ ಇಟ್ಟರು.